ಪುಟ ಒಂಬತ್ತು, ನಾಲ್ಕನೆಯ ಷರತ್ತು

ಕಿಂಬರ್ಲಿಯಲ್ಲಿ ಈ ವಿಮೆಗೆ ಜನ ಇಟ್ಟ ಹೆಸರು
ಭಯದ ಕಾಯಿಲೆಯ ಕಾಗದ.
ಇಪ್ಪತ್ತೆರಡು ವರ್ಷ ಅದನ್ನೇ ಮಾರಿದೆ,
ಯಾರದೋ ಅಡುಗೆಮನೆಯಲ್ಲಿ, ಚಹಾ ಆರುತ್ತಿರುವಾಗ,
ಒಂದೇ ಮಾತು ಹೇಳುತ್ತ:
ಸತ್ತರೆ ಬರುವ ದುಡ್ಡು ಬೇರೆ, ತಾಯಿ.
ಇದು ಸಾಯದಿದ್ದರೆ ಬರುವುದು.

ಸೆಗಾಮೆತ್ಸಿ ನಕ್ಕಳು.
ಶಾಲೆಯ ಬಸ್ಸು ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈಯಲ್ಲಿ
ಪೆನ್ನು ಹಿಡಿದು,
"ಸಾಯದಿದ್ದರೆ ನನಗೇಕೆ ದುಡ್ಡು, ಬಸ್ಸಿದೆಯಲ್ಲ" ಅಂದಳು.
ನಾನೂ ನಕ್ಕೆ. ಸಹಿ ಆಯಿತು.
ಪುಟ ಒಂಬತ್ತು ಓದಿ ಹೇಳಲಿಲ್ಲ.
ಯಾರಿಗೂ ಹೇಳಿದವನಲ್ಲ.
ಬಿಸಿಲಿತ್ತು, ಇನ್ನೂ ಮೂರು ಮನೆ ಬಾಕಿಯಿತ್ತು.

ಆಗಸ್ಟಿನ ಚಳಿಯಲ್ಲಿ ಒಂದು ಮುಂಜಾನೆ
ಬಸ್ಸು ಗೇಟಿನ ಬಳಿಯೇ ನಿಂತಿತು.
ತಮಾಷೆ ಅಂದುಕೊಂಡು ಮಕ್ಕಳು ಹಾರ್ನು ಒತ್ತಿದರು.
ಬಲಗೈ ಅವಳ ಮಾತು ಕೇಳಲಿಲ್ಲ,
ನಾಲಿಗೆಯೂ.

ಗಂಡ ಗಾವೊಲಾಥೆ ಕಾಗದ ತಂದು ನನ್ನೆದುರು ಹರವಿದ.
ಮೊದಲ ಬಾರಿ ಗಟ್ಟಿಯಾಗಿ ಓದಿದೆ:
"ರೋಗ ಖಚಿತವಾದ ಮೇಲೆ
ವಿಮೆದಾರರು ಹದಿನಾಲ್ಕು ದಿನ ಬದುಕಿರತಕ್ಕದ್ದು."
ತಕ್ಕದ್ದು!
ಯಾವ ಗುಮಾಸ್ತ ಬರೆದನೋ,
ತಿಂಗಳ ಐದರೊಳಗೆ ಬಾಡಿಗೆ ಕಟ್ಟತಕ್ಕದ್ದು ಎಂಬ ಹಾಗೆ.

ವಜ್ರಕ್ಕಾಗಿ ಅಗೆದು ಬಿಟ್ಟ ಗುಂಡಿಯ ಊರು ಇದು.
ಆಳ ಅಳೆಯುವುದು ಇಲ್ಲಿನ ಹಳೇ ಚಾಳಿ.
ಆ ಪುಸ್ತಕದಲ್ಲೂ ಹಾಗೆಯೇ:
ಹೃದಯ ಎಷ್ಟು ಒಡೆದರೆ ಒಡೆದಂತೆ,
ಗಂಟು ಯಾವ ಮೆಟ್ಟಿಲು ಹತ್ತಿದರೆ ಪೂರ್ತಿ ಹಣ,
ಕೆಳಗಿನ ಮೆಟ್ಟಿಲಿಗೆ ಕಾಲುಭಾಗ.
ಪಾರ್ಶ್ವವಾಯು ಬಡಿದರೆ ಸಾಲದು, ಗುರುತು ಉಳಿಯಬೇಕು.
ಮೂರು ತಿಂಗಳ ಮೇಲೆ ಡಾಕ್ಟರು ಬಂದು
ಕೈ ಎತ್ತು ಅನ್ನುವರು, ಹೆಸರು ಹೇಳು ಅನ್ನುವರು.

ಗಾವೊಲಾಥೆ ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತ ಬಂದ.
ಆರನೆಯ ರಾತ್ರಿ ಜ್ವರ ಏರಿತು,
ಅವನು ಬಾಗಿಲಲ್ಲೇ ನಿಂತಿದ್ದ.
ಹತ್ತಕ್ಕೆ ಗಂಜಿ ಇಳಿಯಿತು.
ಹದಿನಾಲ್ಕೂ ದಾಟಿತು, ಯಾರೂ ಸಂಭ್ರಮಿಸಲಿಲ್ಲ.
ಹಣದ ಮಾತೆತ್ತಲು ಇಬ್ಬರಿಗೂ ನಾಚಿಕೆ,
ಬಸ್ಸಿನ ಕಂತಿಗೆ ನಾಚಿಕೆಯಿಲ್ಲ.

ತಿಂಗಳು ಎರಡಾದ ಮೇಲೆ ಹೊರಗೆ ಕರೆದು ಪಿಸುಗುಟ್ಟಿದ:
"ಅವಳ ಹೆಬ್ಬೆರಳು ಅಲ್ಲಾಡಿತು. ಬರೆಯಬೇಕೆ?"
ಅವನ ಮುಖದಲ್ಲಿ ಖುಷಿ ಕದ್ದ ಸಾಮಾನಿನಂತೆ ಇತ್ತು.
ಹುಷಾರಾಗಲಿ ಅನ್ನಬೇಕು, ಬಾಯಿ ಬರಲಿಲ್ಲ.
ಹುಷಾರಾಗದಿರಲಿ ಅನ್ನುವ ಬಾಯಿ
ನನ್ನ ಕಾಗದದ್ದು.

ಒಳಗೆ ಹೋದೆವು. ಹಾಸಿಗೆಯ ಪಕ್ಕ ಅರ್ಜಿ,
ಮಾತು: ಇದೆ, ಇಲ್ಲ. ಎರಡು ಖಾಲಿ ಚೌಕ.
ಆಗ ಅವಳು ತುಟಿ ಎಳೆದು ಎಳೆದು
"ಮೆತ್ಸಿ" ಅಂದಳು.
ಅವರ ಮಾತಲ್ಲಿ ಅದು ನೀರು.
ಅವಳ ಹೆಸರಿನ ಅರ್ಧವೂ ಅದೇ.
ಕೇಳಿದಳೋ, ತಾನು ಯಾರೆಂದು ಹೇಳಿದಳೋ.

ಪೆನ್ನು ನನ್ನ ಕೈಯಲ್ಲಿತ್ತು.
"ಮೊದಲು ನೀರು ಕೊಡು" ಅಂದೆ.
ಅವನು ಕುಡಿಸಿದ. ಅರ್ಧ ಗದ್ದಕ್ಕೆ ಇಳಿಯಿತು.
ಲೋಟ ಇಡಲು ಬೇರೆ ಜಾಗವಿರಲಿಲ್ಲ,
ಅರ್ಜಿಯ ಮೇಲೇ ಇಟ್ಟ.