ಉತ್ತರಣೆ ಅಂಚು

ದುರ್ಗಿಗುಡಿಯ ಫ್ಲೆಕ್ಸ್ ಅಂಗಡಿಯಲ್ಲಿ
ಸಂಜೆ ಏಳರ ಮೇಲೆ ಕಂಪ್ಯೂಟರು ನನ್ನದು.
ಅಲ್ಲೀತನಕ ಅದರೊಳಗೆ
ಹುಟ್ಟುಹಬ್ಬದ ಪುಢಾರಿಗಳು, ವೈಕುಂಠ ಸಮಾರಾಧನೆಯ ಅಜ್ಜಂದಿರು.
ಎಲ್ಲರ ಮುಖವನ್ನೂ ಒಂದೇ ಸಮ ಬೆಳ್ಳಗೆ ಮಾಡಿ
ಕೈತೊಳೆದು ಬರುತ್ತಾನೆ ಮುಜಮ್ಮಿಲ್,
"ಕೂತ್ಕೊಳ್ಳಿ ಅಕ್ಕಾ" ಎಂದು ಕುರ್ಚಿ ಒರೆಸುತ್ತಾನೆ.

ಮೂವತ್ತು ವರ್ಷ ಕತ್ತರಿ ಹಿಡಿದ ಕೈ
ಮೌಸಿನ ಮೇಲೆ ಬೆಪ್ಪು.
ಎಳೆದ ಗೆರೆ ನಡುಗುತ್ತದೆ,
ಅಳಿಸಿದರೆ ಚೂರೂ ಪುಡಿ ಬೀಳುವುದಿಲ್ಲ.
"ಕಂಟ್ರೋಲ್ ಝಡ್ ಒತ್ತಿ, ಹಿಂದಕ್ಕೆ ಹೋಗುತ್ತೆ."
ಒತ್ತಿದೆ. ಇನ್ನೊಮ್ಮೆ. ಇನ್ನೊಮ್ಮೆ.
ಖಾಲಿ ಹಾಳೆಗೆ ಬಂದು ನಿಂತುಬಿಟ್ಟಿತು.
ಅದರಾಚೆ ಹೋಗಲೊಲ್ಲದು.
ಅಲ್ಲೆಲ್ಲೋ ಇದೆ, ಮೊದಲ ವರ್ಷ ನಾನು ತಪ್ಪಿ ಕತ್ತರಿಸಿದ
ಶೇಷಮ್ಮನವರ ಮೈಸೂರು ಸಿಲ್ಕು,
ಈಗಲೂ ಎರಡು ತುಂಡಾಗಿ.

ಏನು ಬರೀತೀರಿ, ನವಿಲಾ? ಕಮಲಾನಾ? ಮಾವಿನಕಾಯಿ ಬುಟ್ಟಾ?
ಅವನ್ನೆಲ್ಲ ಸೂರತ್ತಿನವರು ಬರೆದು ಮುಗಿಸಿದ್ದಾರಪ್ಪ.
ಚೀಲದಿಂದ ನಾನು ತೆಗೆದಿಟ್ಟದ್ದು
ಒಂದು ಉತ್ತರಣೆ ಕಡ್ಡಿ.
ಆಯನೂರು ಕಡೆಯಿಂದ ಅಡ್ಡದಾರಿ ತುಳಿದು ಬರುವವರ
ಸೀರೆಯಂಚಿಗೆ ಕಚ್ಚಿಕೊಂಡು
ಟಿಕೆಟ್ಟಿಲ್ಲದೆ ಬಸ್ಸು ಹತ್ತಿ ಬರುವ ಕಾಳು.
ಹಳೇ ಫಾಲ್ ಬಿಚ್ಚುವ ಮೊದಲು ಒಂದೊಂದೇ ಕಿತ್ತು
ಬಾಬಿನ್ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದೆ.
ಅದಕ್ಕೆ ಕೂಲಿ ಯಾರೂ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಆಮೇಲೆ ರಿಪೀಟಿನ ಪಾಠ.
ಒಂದು ಚೌಕ, ಅದೇ ಚೌಕ ಆರು ಗಜದ ತನಕ.
ಬಲಕ್ಕೆ ಅಂಚು ದಾಟಿದ ಕಡ್ಡಿ
ಎಡಕ್ಕೆ ಅದೇ ಎತ್ತರದಲ್ಲಿ ಒಳಗೆ ಬರಬೇಕು,
ಇಲ್ಲದಿದ್ದರೆ ಜೋಡು ಕಾಣುತ್ತದೆ.
ಅರ್ಧ ಗಂಟೆ ಹೇಳಿದ, ನಗದೆ ಕೇಳಿದೆ.
ಬೆನ್ನಿನ ಅರ್ಧ ಹೂವು ಹುಕ್ಕಿನ ಪಟ್ಟಿ ದಾಟಿ
ಇನ್ನರ್ಧಕ್ಕೆ ಕೂಡದಿದ್ದರೆ
ರವಿಕೆ ಬಂದು ಮುಖಕ್ಕೆ ಬೀಳುತ್ತಿತ್ತು, ಮಗಾ.
ಈ ಪಾಠದ ಫೀಸು
ಬೈಗುಳದಲ್ಲಿ ಕಟ್ಟಿ ಆಗಿದೆ.

ಆದರೂ ಗೀರು ಬಂತು,
ಕೂದಲೆಳೆಯಷ್ಟು, ಬಿಳೀದು.
ಮೂರು ರಾತ್ರಿ ಅದರ ಬೆನ್ನು ಹತ್ತಿದೆ.
ನಿದ್ದೆಯಲ್ಲೂ ಗೋಡೆಯ ಟೈಲ್ಸು ನೋಡಿ
ಸೇರಿದೆಯೇ, ಸೇರಿಲ್ಲವೇ.

ಕೊರಿಯರಿನಲ್ಲಿ ಮಾದರಿ ತುಂಡು ಬಂತು, ಕರ್ಚೀಪಿನಷ್ಟು.
ಪರದೆಯ ಮೇಲೆ ಒಣಹುಲ್ಲಿನ ಬಣ್ಣವಿದ್ದದ್ದು
ಬಟ್ಟೆಗೆ ಇಳಿದು
ಮಕ್ಕಳ ಜ್ವರದ ಔಷಧಿಯ ಗುಲಾಬಿ.
ಬೆಳಕಿನ ಬಣ್ಣ ಬೇರೆ, ಶಾಯಿಯದ್ದು ಬೇರೆ ಅಂತೆ.
ಅಳಬೇಕು ಅನ್ನಿಸಿತು. ಬದಲಿಗೆ
ತುಂಡನ್ನು ಒಗೆದು, ಹಿಂಡಿ, ಬಿಸಿಲಿಗೆ ಹರವಿ, ಅಳೆದೆ.
ಕಾಲಿಂಚು ಕುಗ್ಗಿತ್ತು.
ಬರೆದುಕೊಂಡೆ. ಮತ್ತೆ ಏಳು ಗಂಟೆಗೆ ಹೋದೆ.

ನಾಲ್ಕನೇ ಸಲ ಬಂದ ಸೀರೆ ಮೇಜಿನ ಮೇಲಿತ್ತು.
ಪಿಗ್ಮಿ ಕಲೆಕ್ಷನ್ನಿನ ಚೂಡಾಮಣಿ
ರಸೀದಿ ಹರಿಯುತ್ತ ನಿಂತವಳು
ಅಂಚು ನೋಡಿ ಹೌಹಾರಿದಳು.
"ಅಯ್ಯೋ ಮಾರಾಯ್ತಿ, ಹೊಸಾ ಸೀರೆ,
ಎಲ್ಲಿ ಹೊಕ್ಕು ಬಂದೆ?"
ಬಗ್ಗಿ ಉಗುರಿನಿಂದ ಕೀಳತೊಡಗಿದಳು.
ಬರಲಿಲ್ಲ.
ಇನ್ನೊಂದಕ್ಕೆ ಕೈ ಹಾಕಿದಳು.

ನಾನು ಏನೂ ಹೇಳದೆ
ಬಾಬಿನ್ ಡಬ್ಬಿಯ ಮುಚ್ಚಳ
ಅವಳತ್ತ ಸರಿಸಿದೆ.