ಹಾಸು ಹೂಡಿದ ದಿನದಿಂದ

ಚಿತ್ರದುರ್ಗದ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ
ಗಂಡೋ ಹೆಣ್ಣೋ ಹೇಳುವುದಿಲ್ಲ ಎಂಬ ಬೋರ್ಡು.
ನಾನು ಕೇಳಲು ಬಂದದ್ದು ಅದಲ್ಲ.
ಮೊಳಕಾಲ್ಮೂರಿನ ಮೊದಲ ಬಸ್ಸು ಹಿಡಿದು,
ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದ ಸೊಸೆಯ ತಲೆಯನ್ನು
ತೊಡೆಗೆ ಒರಗಿಸಿಕೊಂಡು ಬಂದಿದ್ದೆ.

ಒಳಗೆ ಕತ್ತಲು. ಹೊಟ್ಟೆಗೆ ತಣ್ಣನೆಯ ಲೋಳೆ.
ಪರದೆಯಲ್ಲಿ ಬೂದಿ ಬಣ್ಣದ ಮಬ್ಬು,
ಮಬ್ಬಿನಲ್ಲೊಂದು ಕಪ್ಪು ಗುಂಡಿ,
ಗುಂಡಿಯೊಳಗೆ ನೆನೆದ ಅವರೆಕಾಳು.
ಕಾಳಿನ ನಡುವೆ ಏನೋ ಮಿಣಮಿಣ.
ಡಾಕ್ಟರಮ್ಮ ಆ ತುದಿಗೊಂದು, ಈ ತುದಿಗೊಂದು ಚುಕ್ಕಿಯಿಟ್ಟು
ನೆತ್ತಿಯಿಂದ ಕುಂಡಿಯವರೆಗೆ ಗೆರೆ ಎಳೆದರು.
ಹದಿನೇಳು ಮಿಲಿಮೀಟರ್.
“ಎಂಟು ವಾರ, ಒಂದು ದಿನ.”

ನನ್ನ ಹೆಬ್ಬೆರಳು ತಾನಾಗಿ ಗೆಣ್ಣುಗಳ ಮೇಲೆ ನಡೆಯಿತು.
ಮಗ ನಿಂಗರಾಜ ಗಾಳಿಗಿರಣಿಯ ರೆಕ್ಕೆ ಸಾಗಿಸುವ ಟ್ರೇಲರಿನವನು.
ಯುಗಾದಿಗೆ ಬಂದು ಮೂರು ರಾತ್ರಿ ಇದ್ದು ಹೋದ;
ಅದಕ್ಕೂ ಮುಂಚೆ ಎರಡು ತಿಂಗಳು ಮನೆ ಕಂಡಿಲ್ಲ.
ಯುಗಾದಿಯಿಂದ ಇವತ್ತಿಗೆ ನಲವತ್ತಮೂರು.
ಎಂಟು ವಾರ ಒಂದು ದಿನವೆಂದರೆ ಐವತ್ತೇಳು.
ಹದಿನಾಲ್ಕು ದಿನ ಎಲ್ಲಿಂದ ಬಂತು?

ಕೇಳಲಿಲ್ಲ. ನೋಡಿದೆ, ಅಷ್ಟೇ,
ಮಂಚದ ತುದಿಯಲ್ಲಿ ಪಂಪಾವತಿಯ ಪಾದಗಳನ್ನು,
ಒಂದು ಬೆರಳು ಇನ್ನೊಂದರ ಮೇಲೆ ಏರಿ ಕೂತದ್ದನ್ನು.
ಅವಳೂ ಲೆಕ್ಕ ಹಾಕಿದ್ದಳು.

ಇಂಥ ಮೌನ ಡಾಕ್ಟರಮ್ಮನಿಗೆ ಹೊಸದಲ್ಲವೇನೋ.
ಕೈ ಒರೆಸಿಕೊಳ್ಳುತ್ತ, ಗೋಡೆಗೆ ಹೇಳುವಂತೆ ಹೇಳಿದರು:
“ಬಸಿರು ನಿಂತ ದಿನ ಯಾರಿಗೂ ಗೊತ್ತಾಗಲ್ಲಮ್ಮ.
ಅದಕ್ಕೇ ಕೊನೇ ಸಲ ಮುಟ್ಟಾದ ದಿನದಿಂದ ಎಣಿಸ್ತೀವಿ.
ಮೊದಲ ಎರಡು ವಾರ ಒಳಗೆ ಯಾರೂ ಇರಲ್ಲ.
ಈ ಮಶೀನೂ ಕಲಿತಿರೋದು ಅದೇ ಲೆಕ್ಕ.”

ಒಳಗೆ ಯಾರೂ ಇಲ್ಲದ ಎರಡು ವಾರ!
ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವಳಿಗೆ
ಇದನ್ನು ಇನ್ನೊಬ್ಬರು ಹೇಳಬೇಕಾಯಿತೆ?
ಸೀರೆಗೆ ಎಷ್ಟು ದಿನ ಹಿಡಿಯಿತು ಅಂತ ಸಾವ್ಕಾರ ಕೇಳಿದರೆ
ಹಾಸು ಹೂಡಿದ ದಿನದಿಂದ ಹೇಳುತ್ತೇನೆ,
ಎಳೆಗೆ ಎಳೆ ಸೇರಿಸಿ ಹೊಸೆದ ದಿನದಿಂದ,
ಲಾಳಿ ಇನ್ನೂ ಒಮ್ಮೆಯೂ ಹಾಯದ ದಿನದಿಂದ.

“ಗೆರೆ ನೋಡಿ ದಿನ ಹೆಂಗೆ ಹೇಳ್ತೀರಿ?”
“ಇಷ್ಟು ಎಳೇದರಲ್ಲಿ ಎಲ್ಲ ಕೂಸೂ ಒಂದೇ ಸಮ ಬೆಳೀತಾವೆ,
ಐದಾರು ದಿನ ಆಚೀಚೆ. ಆಮೇಲೆ ಒಂದೊಂದರದು ಒಂದೊಂದು ದಾರಿ.”
ಹೌದು. ಮೊದಲ ಗೇಣು ಯಾರು ನೇಯ್ದರೂ ಒಂದೇ.
ಬುಟ್ಟಾ ಶುರುವಾದ ಮೇಲಲ್ಲವೆ
ಗಂಗಕ್ಕನ ಕೈ ಬೇರೆ, ನನ್ನ ಕೈ ಬೇರೆ ಆಗುವುದು.

ಚೀಟಿಯಲ್ಲಿ ಬರೆದುಕೊಟ್ಟರು: ಡಿಸೆಂಬರ್ ಇಪ್ಪತ್ತೊಂದು.
ಬಸ್‌ಸ್ಟ್ಯಾಂಡಿನಲ್ಲಿ ಮೋಸಂಬಿ ಕೊಂಡು
ಸುಲಿದು, ನಾರು ತೆಗೆದು, ಒಂದೊಂದೇ ತೊಳೆ ಕೊಟ್ಟೆ.
ತಿಂದಳು. ಮುಖ ನೋಡಲಿಲ್ಲ.

ಏಳು ತುಂಬಿದ ಮೇಲೆ ದಾವಣಗೆರೆಯ ತವರಲ್ಲಿ
ಇನ್ನೊಂದು ಸ್ಕ್ಯಾನು. ತಲೆ ಅಳೆದರಂತೆ, ತೊಡೆಮೂಳೆ ಅಳೆದರಂತೆ.
ಹೊಸ ಚೀಟಿ: ಡಿಸೆಂಬರ್ ಮೂವತ್ತೊಂದು.
“ಹತ್ತು ದಿನ ಮುಂದೆ ಹೋಯ್ತು, ಬೀಗ್ತಿ,
ಹಳೇದು ಹರಿದುಹಾಕಲಾ?” ಫೋನಿನಲ್ಲಿ ಅವಳ ತಾಯಿ.
ಬೇಡ ಅಂದೆ. ಡಾಕ್ಟರಮ್ಮನಿಗೆ ಫೋನು ಹಚ್ಚಿದೆ.
“ತಾರೀಖು ಮೊದಲಿಂದೇ. ಕೂಸು ಸಣ್ಣದಿದೆ, ಅದನ್ನ ನೋಡ್ಕೋಬೇಕು.
ದಿನ ತಿದ್ದಿಬಿಟ್ಟರೆ ಸಣ್ಣದು ಅನ್ನೋದೇ ಮುಚ್ಚಿಹೋಗುತ್ತೆ.”
ಬಟ್ಟೆ ಗಿಡ್ಡವಾಯಿತೆಂದು
ಮೊಳದ ಕೋಲು ಕತ್ತರಿಸುವುದುಂಟೆ?

ಹುಟ್ಟಿದ್ದು ಆ ತಾರೀಖಿಗೂ ಅಲ್ಲ, ಈ ತಾರೀಖಿಗೂ ಅಲ್ಲ.
ಹದಿನೇಳರ ನಸುಕಿಗೆ. ಎರಡು ಕೆಜಿ ಮುನ್ನೂರು.
ಆ ಹದಿನಾಲ್ಕು ದಿನದ ಮಾತು ನಾನು ಎತ್ತಲಿಲ್ಲ,
ಅವಳೂ ಎತ್ತಲಿಲ್ಲ.
ಬಟ್ಟೆ ಸರಿಸಿ ಕೂಸಿನ ಪಾದ ನೋಡಿದೆ:
ಬೆರಳ ಮೇಲೆ ಬೆರಳು ಏರಿ ಕೂತಿತ್ತು.
ಬಿಡಿಸಿ ಇಟ್ಟೆ.
ಮತ್ತೆ ಏರಿತು.