ಲೆಕ್ಕದ ಹುಡುಗಿ

ವಾಲ್ಸಾಲ್‌ನಲ್ಲಿ ಕಾಲುವೆಗೆ ಬೆನ್ನು ಮಾಡಿ ನಿಂತಿದ್ದ
ಚರ್ಮ ಹದಮಾಡುವ ಕಾರ್ಖಾನೆ ಕೆಡವಿದ್ದಾರೆ.
ಎರಡೂವರೆ ಎಕರೆ. ನಕ್ಷೆಯಲ್ಲಿ ಆಗಲೇ
ನಲವತ್ತು ಮನೆ, ಒಂದು ಜಾರುಬಂಡೆ,
ಯಾರೋ ಪುರುಸೊತ್ತಿನಲ್ಲಿ ಬಿಡಿಸಿದ ಮರಗಳು.

ನಾನು ಮಣ್ಣಿನವಳು. ಕೊರೆಸುತ್ತೇನೆ,
ಶೀಸೆಗೆ ತುಂಬುತ್ತೇನೆ, ಮೇಲೆ ಆಳ ಬರೆಯುತ್ತೇನೆ.

ನಮ್ಮ ಲೆಕ್ಕದೊಳಗೆ ಒಬ್ಬ ಹುಡುಗಿ ಇದ್ದಾಳೆ.
ಹೆಸರಿಲ್ಲ. ವಯಸ್ಸು ಆರು ದಾಟುವುದಿಲ್ಲ.
ದಿನಕ್ಕೊಂದು ಚಿಟಿಕೆ ಮಣ್ಣು ತಿನ್ನುತ್ತಾಳೆ,
ಹಿತ್ತಲ ಗಜ್ಜರಿಯನ್ನು ಅರೆಬರೆ ತೊಳೆದು ಕಡಿಯುತ್ತಾಳೆ,
ವರ್ಷವಿಡೀ ಅಲ್ಲೇ ಆಟ, ರಜೆಗೂ
ಅಜ್ಜಿ ಮನೆಗೆ ಹೋದವಳಲ್ಲ.
ತಿನ್ನಬೇಡವೇ ಎಂದು ಗದರಲು ಅಮ್ಮನಿಲ್ಲ.
ಅವಳಿಗೇನೂ ಆಗದಿದ್ದರೆ ಜಾಗ ಪಾಸು.

ಇಪ್ಪತ್ತೆರಡು ತೂತು.
ಇಪ್ಪತ್ತೆರಡರಲ್ಲೂ ಹುಡುಗಿ ಬದುಕಿದಳು.
"ಇಷ್ಟು ಸಾಕಲ್ಲ?" ಅಂದ ಬಿಲ್ಡರ್ ಕಡೆಯ ರಸ್ಸೆಲ್,
ತನ್ನ ಕೈಗಡಿಯಾರಕ್ಕೆ ಹೇಳಿದ ಹಾಗೆ.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಡೋರೀನ್ ಫೆಲೋಸ್
ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು:
"ಸುಣ್ಣದ ಗುಂಡಿ ಅಲ್ಲಲ್ಲ ಇದ್ದದ್ದು. ಆ ಗಿಡದ ಬುಡಕ್ಕೆ.
ನಾನು ಚಿಕ್ಕವಳಿದ್ದಾಗ ನಮ್ಮ ನಾಯಿ ಬಿತ್ತು,
ಎದ್ದು ಮನೆಗೆ ಬಂತು. ಮೈಮೇಲೆ ಒಂದು ಕೂದಲಿಲ್ಲ.
ಅಪ್ಪ ನಕ್ಕ. ಆಮೇಲೆ ನಗಲಿಲ್ಲ."

ಹಳೆಯ ಭೂಪಟಗಳಲ್ಲಿ ಆ ಜಾಗ ಖಾಲಿ.
ರಸ್ಸೆಲ್ ಭೂಪಟ ಹಿಡಿದ.
ನಾನು ನಾಯಿಯನ್ನು ನಂಬಿದೆ.

ಎರಡು ಮೀಟರಿಗೆ ಹಾವಸೆ ಬಣ್ಣದ ಕೆಸರು.
ಮೂರಕ್ಕೆ ದನದ ಕೂದಲು, ಹಿಡಿಗಟ್ಟಲೆ,
ಅಷ್ಟು ವರ್ಷವಾದರೂ ಕಂದು.
ಕೊರೆಯುವ ಹುಡುಗ ಮಾತಾಡದೆ
ಕೈಗವಸು ಬದಲಿಸಿಕೊಂಡ.

ಲ್ಯಾಬಿನ ಫಾರಮ್ಮಿನಲ್ಲಿ ಆಂಥ್ರಾಕ್ಸ್ ಎಂದು ಬರೆದೆ,
ಮುಂದೊಂದು ಪ್ರಶ್ನೆಯ ಕೊಕ್ಕೆ ಹಾಕಿ.
ಒಳಗೆ ಯಾರೋ ನೆರಡಿ ಅಂದರು.
ನೆರಡಿಗೆ ಸತ್ತ ಎತ್ತನ್ನು ಹೂತ ಕಡೆ
ನಮ್ಮ ತಾತ ಒಂದು ಕಲ್ಲು ನಿಲ್ಲಿಸುತ್ತಿದ್ದ.
ಕುಂಕುಮವಿಲ್ಲ, ಅಕ್ಷರವಿಲ್ಲ.
ದನ ಕಾಯುವ ಹುಡುಗರು ಕಲ್ಲು ಕಂಡು
ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ವರದಿಯಲ್ಲಿ ಕಲ್ಲಿಗೆ ಕಾಲಂ ಇಲ್ಲ.
ಜಾರುಬಂಡೆ ಇನ್ನೆಲ್ಲಿಗೆ ಸರಿಯುತ್ತದೋ,
ರಸ್ಸೆಲ್ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದ.
ಷರಾ ಎಂಬಲ್ಲಿ ಡೋರೀನಳ ಹೆಸರು ಬರೆದೆ,
ಬೇಲಿಗೆ ವಾಪಸು ಹೋಗಿ ಕೇಳಿಕೊಂಡು ಬಂದು
ನಾಯಿಯದ್ದೂ:
ಟಾಫಿ.